ಅತ್ತೆ ಅಲ್ಲಾಡಿಸಿ ನೋಡಿದ ಡ್ಯಾಕ್

ಇವತ್ತು ಬೆಳಿಗ್ಗೆ ಕೆಲಸಕ್ಕೆ ಕೂತು ಹೆಡ್‌ಫೋನ್ ತಲೆಗೇರಿಸಿದೆ. ಮೆತ್ತೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಗಮ್ಮೆಂದು ಬಂತು. ನಾನು ತಲೆಗೆ ಎಣ್ಣೆ ಹಚ್ಚಿ ವರ್ಷಗಳೇ ಆದವು. ತಿಪಟೂರು ಸೀಮೆಯಲ್ಲಿ ಹುಟ್ಟಿ, ತೆಂಗು ಕೊಟ್ಟ ಅನ್ನವನ್ನೇ ತಿಂದು, ತಲೆಗೆ ಮಾತ್ರ ಬಣ್ಣದ ಡಬ್ಬಿಯ ಜೆಲ್ ಮೆತ್ತಿಕೊಳ್ಳುವ ಕುಲದ್ರೋಹಿ ಎಂದು ನಮ್ಮ ಮನೆಯಲ್ಲಿ ನನಗೊಂದು ಬಿರುದಿದೆ. ಆದ್ದರಿಂದ ಈ ಎಣ್ಣೆ ನನ್ನದಲ್ಲ. ನಮ್ಮ ಗೌರತ್ತೆಯದು, ಅಪ್ಪನ ಅಕ್ಕನದು. ಆಕೆ ಈ ಹೆಡ್‌ಫೋನ್ ಹಾಕಿಕೊಂಡು ಕೂತದ್ದು ಹೋದ ವರ್ಷದ ಒಂದೇ ಒಂದು ಮಧ್ಯಾಹ್ನ, ಅದೂ ಅರ್ಧ ಗಂಟೆ. ವಾಸನೆ ಇನ್ನೂ ಹೋಗಿಲ್ಲ. ಒರೆಸಿದರೆ ಹೋಗುತ್ತಿತ್ತೇನೋ. ನಾನು ಒರೆಸಿಲ್ಲ.

ಆ ಮಧ್ಯಾಹ್ನ ನಾವು ಒಂದು ಡ್ಯಾಕ್ ಆರಿಸುತ್ತಿದ್ದೆವು. ಡ್ಯಾಕ್ ಅಂದರೆ ಏನೆಂದು ನೀವು ಹುಬ್ಬು ಏರಿಸುವ ಮೊದಲೇ ಹೇಳಿಬಿಡುತ್ತೇನೆ. ನನಗೂ ಎರಡು ವರ್ಷದ ಹಿಂದೆ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೂ ಊಟ ಚೆನ್ನಾಗಿಯೇ ಸೇರುತ್ತಿತ್ತು. ಕಂಪ್ಯೂಟರಿನೊಳಗೆ ಹಾಡು ಹಾಡಾಗಿ ಇರುವುದಿಲ್ಲ, ಬರೀ ಅಂಕಿಗಳಾಗಿ ಇರುತ್ತದೆ. ಆ ಅಂಕಿಗಳನ್ನು ಓದಿ ಕಿವಿಗೆ ತಲುಪುವ ಸದ್ದಾಗಿ ಮಾಡಿಕೊಡುವ ಸಾಮಾನು ಈ ಡ್ಯಾಕ್. ನಿಮ್ಮ ಫೋನಿನಲ್ಲೂ ಅಕ್ಕಿಕಾಳಿನಷ್ಟು ದೊಡ್ಡದೊಂದು ಇದ್ದೇ ಇದೆ. ಅಷ್ಟರಲ್ಲಿ ತೃಪ್ತಿಪಡದ ಜನ ಮೇಜಿನ ಮೇಲೆ ಇಟ್ಟುಕೊಳ್ಳುವುದಕ್ಕೆ ಬೇರೆಯದೇ ಪೆಟ್ಟಿಗೆ ಕೊಳ್ಳುತ್ತಾರೆ. ಅದಕ್ಕೆ ಒಂದು ಕಡೆ ಕಂಪ್ಯೂಟರು, ಇನ್ನೊಂದು ಕಡೆ ಹೆಡ್‌ಫೋನು. ನಡುವೆ ಕೂತು ಅದು ದುಭಾಷಿಯ ಕೆಲಸ ಮಾಡುತ್ತದೆ.

ನನಗೆ ಅದು ಯಾಕೆ ಬೇಕಾಯಿತು ಅಂದರೆ, ನನ್ನ ಹೊಟ್ಟೆಪಾಡು ಕಿವಿಯ ಮೇಲೆ ನಿಂತಿದೆ. ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಯವರೆಗೆ ಆಟೋದ ನೆತ್ತಿಗೆ ಮೈಕು ಕಟ್ಟಿಕೊಂಡು 'ತಾಯಂದಿರೇ, ಅಕ್ಕಂದಿರೇ, ಬಂದಿದೆ ಬಂದಿದೆ, ಸೀರೆಗಳ ಮಹಾ ಮಾರಾಟ' ಎಂದು ಕೂಗಿಕೊಂಡು ಹೋಗುತ್ತದಲ್ಲ, ಆ ದನಿ ನನ್ನದು. ನೀವು ಮಧ್ಯಾಹ್ನ ಕಣ್ಣು ಮುಚ್ಚಿದ ಗಳಿಗೆಗೇ ಅದು ನಿಮ್ಮ ಬೀದಿಗೆ ಬಂದಿದ್ದರೆ ಕ್ಷಮೆಯಿರಲಿ. ಅದರ ಜೊತೆಗೆ ಮದುವೆ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ. ನಾನು ಬಿಟ್ಟವರಿಲ್ಲ. ಟಿಕೆಟ್ ಕೊಟ್ಟು ಚಿಲ್ಲರೆ ಕೊಡದ ಕಂಡಕ್ಟರು, ಎಮ್ಮೆಗೆ ಸೂಜಿ ಚುಚ್ಚುವಾಗ ತಾನೇ 'ಅಯ್ಯೋ' ಅನ್ನುವ ದನದ ಡಾಕ್ಟರು, ಮಂತ್ರದ ನಡುವೆ ಫೋನ್ ನೋಡುವ ಐನೋರು. ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ಗಂಟಲಿಗೆ ಸಿಕ್ಕಿ ಕೆಮ್ಮಿ ಕೆಮ್ಮಿ ಸಂಬಂಧ ಕಳೆದುಕೊಂಡ ನನ್ನನ್ನೂ ನಾನು ಬಿಟ್ಟಿಲ್ಲ. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಗಿಟ್ಟುತ್ತಿದ್ದದ್ದು ಗೌರತ್ತೆಯ ಐಟಮ್ಮಿಗೆ. ಕತ್ತನ್ನು ಒಂದು ಪಕ್ಕಕ್ಕೆ ಹೊರಳಿಸಿ, ಹೇಂಟೆಯ ಹಾಗೆ ಒಂದೇ ಕಣ್ಣಲ್ಲಿ ನೋಡಿ, 'ಆಂ? ಏನಂದೆ? ಬಾಯಾಗೆ ಏನು ಕಡುಬಿಟ್ಕಂಡಿದ್ದೀಯೇನ್ಲಾ?' ಎಂದು ಗಂಟಲು ಏರಿಸಿಬಿಟ್ಟರೆ ಸಾಕು, ನಮ್ಮ ನೆಂಟರಿಷ್ಟರೆಲ್ಲ ಕುರ್ಚಿಯಿಂದ ಜಾರುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತ ಅತ್ತೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಡ್ಯಾಕಿಗೆ ಬರುತ್ತೇನೆ. ಒಂದು ಸಲ ನಾನು ಮಾಡಿಕೊಟ್ಟ ಜಾಹೀರಾತಿನ ಅಡಿಯಲ್ಲಿ ಉದ್ದಕ್ಕೂ 'ಜುಂಯ್' ಎಂಬ ಸದ್ದು ಸೇರಿಕೊಂಡುಬಿಟ್ಟಿತ್ತು. ನನ್ನ ಹಳೆಯ ಇಯರ್‌ಫೋನಿನಲ್ಲಿ ಅದು ಕೇಳಿಸಿರಲೇ ಇಲ್ಲ. ಆಟೋ ತುರುವೇಕೆರೆ ಸುತ್ತಿ ಬಂದ ಮೇಲೆ ಅಂಗಡಿಯವರು ಫೋನ್ ಮಾಡಿ, "ಏನಪ್ಪಾ, ಸೀರೆ ಮಾರಾಕೆ ಹೇಳಿದ್ರೆ ಜೇನುಗೂಡಿಗೆ ಕಲ್ಲು ಹೊಡ್ದು ಕಳ್ಸಿದ್ದೀಯ" ಅಂದರು. ಅವಮಾನವಾಯಿತು. ಚಿಕ್ಕನಾಯಕನಹಳ್ಳಿಯ ನನ್ನ ಗೆಳೆಯ ಲೋಕಿಯ ಹತ್ತಿರ ಹೋಗಿ ಗೋಳು ತೋಡಿಕೊಂಡೆ. ಲೋಕಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಊರಿಗೆಲ್ಲ ಕಿವಿ ತೂತಾಗುವಷ್ಟು ಸದ್ದು ಹಂಚಿ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಹೆಡ್‌ಫೋನಿನಲ್ಲಿ ಮೆಲ್ಲಗೆ ವೀಣೆ ಕೇಳುತ್ತಾನೆ. ಅವನು ನನಗೊಂದು ಸ್ಟುಡಿಯೋ ಹೆಡ್‌ಫೋನ್ ಕೊಡಿಸಿದ. ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ, ಮೂರು ದಿನ ಉಪವಾಸ ಇದ್ದವರು ಭಜನೆ ಮಾಡಿದ ಹಾಗೆ ಕೇಳಿಸಿತು.

"ಆನೆ ಕಟ್ಕಂಡು ಮುಷ್ಟಿ ಹುಲ್ಲು ಹಾಕ್ತೀನಿ ಅಂದ್ರೆ ಹೆಂಗ್ಲಾ?" ಅಂದ ಲೋಕಿ. "ಇದಕ್ಕೆ ನಿನ್ನ ಲ್ಯಾಪ್‌ಟಾಪು ಸಾಲಲ್ಲ. ಡ್ಯಾಕ್ ಬೇಕು. ನನ್ತಾವ ಎರಡವೆ. ತಗಂಡೋಗಿ ಒಂದ್ವಾರ ಕೇಳು. ಯಾವ್ದು ಸೇರುತ್ತೋ ಇಟ್ಕ, ಇನ್ನೊಂದು ವಾಪಸ್ ಕೊಡು."

ಎರಡು ಪೆಟ್ಟಿಗೆಗಳು ನಮ್ಮ ಮನೆಗೆ ಬಂದವು. ಒಂದು ಇಟ್ಟಿಗೆಯಷ್ಟು ಭಾರದ ಅಲ್ಯುಮಿನಿಯಂ ಡಬ್ಬ. ಮುಂದೆ ಹಸಿರು ಅಂಕಿಗಳು ಹೊಳೆಯುತ್ತವೆ, ತಿರುಗುಣಿ ತಿರುಗಿಸಿದರೆ ತಿಜೋರಿ ತೆಗೆದಂತೆ ಟಿಕ್ ಟಿಕ್ ಅನ್ನುತ್ತದೆ, ಗೋಡೆಯ ಪ್ಲಗ್ಗಿಗೆ ಅದರದೇ ವೈರು. ಅದಕ್ಕೆ ದೊಡ್ಡಣ್ಣ ಎಂದು ಹೆಸರಿಟ್ಟೆ. ಇನ್ನೊಂದು ಬೆಂಕಿಪೊಟ್ಟಣಕ್ಕೆ ಸ್ವಲ್ಪ ಅಣ್ಣನಾಗುವಂಥ ಕಪ್ಪು ಡಬ್ಬಿ. ಒಂದು ಗುಂಡಿ, ಒಂದು ದೀಪ, ಅಷ್ಟೇ. ಇದು ಚಿಕ್ಕಣ್ಣ.

ಆ ವಾರ ನಾನು ಅನುಭವಿಸಿದ ಸಂಕಟ ಹೇಳತೀರದು. ಇಂಟರ್ನೆಟ್ಟಿನಲ್ಲಿ ಈ ಪೆಟ್ಟಿಗೆಗಳ ಬಗ್ಗೆ ಮಾತಾಡುವ ಮಹನೀಯರಿದ್ದಾರೆ. ಅವರು ಕಣ್ಣು ಅರೆಮುಚ್ಚಿ, ಪಾನಕ ಕುಡಿದವರ ದನಿಯಲ್ಲಿ, 'ಈ ಡ್ಯಾಕಿನ ಕೆಳಸ್ವರದಲ್ಲಿ ಒದ್ದೆ ಮಣ್ಣಿನ ಹದ ಇದೆ, ಮೇಲುಸ್ವರದಲ್ಲಿ ಬೆಳಗಿನ ಗಾಳಿ ಆಡುತ್ತದೆ, ನಡುವೆ ಮಾತ್ರ ಕೊಂಚ ಸಂಕೋಚ' ಎನ್ನುತ್ತಾರೆ. ನಾನು ದೊಡ್ಡಣ್ಣನಲ್ಲಿ ಮಣ್ಣು ಹುಡುಕಿದೆ, ಚಿಕ್ಕಣ್ಣನಲ್ಲಿ ಗಾಳಿ ಹುಡುಕಿದೆ. ಕೇಳಿಸಿದ್ದು ಹಾಡು ಮಾತ್ರ. ಊರಿನವರ ಗಂಟಲನ್ನೆಲ್ಲ ಕದ್ದು ಬದುಕುವ ನನಗೇ ವ್ಯತ್ಯಾಸ ತಿಳಿಯುತ್ತಿಲ್ಲ ಎಂದು ಹೇಗೆ ಹೇಳಲಿ? ಕೊನೆಗೆ ಭಾರವಾದದ್ದೇ ಒಳ್ಳೆಯದು ಎಂದು ತೀರ್ಮಾನಿಸಿದೆ. ನಮ್ಮ ಕಡೆ ಗಂಡು ಆರಿಸುವಾಗಲೂ ಇದೇ ಪದ್ಧತಿ. ಆ ಲೆಕ್ಕದಲ್ಲಿ ನಾನು ಚಿಕ್ಕಣ್ಣನ ಪಂಗಡ ಎನ್ನುವುದು ಬೇರೆ ವಿಷಯ.

ಭಾನುವಾರ ಮಧ್ಯಾಹ್ನ ಲೋಕಿ ಒಂದು ಪೆಟ್ಟಿಗೆ ವಾಪಸ್ ಒಯ್ಯಲು ಬಂದ. ನಾನು ದೊಡ್ಡಣ್ಣನ ಗುಣಗಾನ ಶುರು ಮಾಡಿದ್ದೆ, "ಕೆಳಸ್ವರದಲ್ಲಿ ಒಂದು ಹದ ಐತೆ ಲೋಕಿ..." ಅಷ್ಟರಲ್ಲಿ ಗೌರತ್ತೆ ಬಂದಳು. ಬಂದಳು ಅನ್ನುವುದಕ್ಕಿಂತ ಆಕೆಯ ದನಿ ಮೊದಲು ಬಂತು, ಹಿಂದಿನಿಂದ ಆಕೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅತ್ತೆ ಏನು ಕೆಲಸ ಮಾಡುತ್ತಾಳೆ ಎಂದು ಹೇಳದೆ ಮುಂದೆ ಹೋದರೆ ನಿಮಗೆ ಏನೂ ದಕ್ಕುವುದಿಲ್ಲ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ವರ್ಷ ಹತ್ತಿರವಾಗುವ ತನಕ ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಒಣಗಿ, ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ. ಆಗದ್ದನ್ನು ಒಡೆದರೆ ಅದು ಉಂಡೆಯಾಗಿ ಬರುವುದಿಲ್ಲ, ಹೋಳಾಗಿ ಎಣ್ಣೆ ಗಾಣಕ್ಕೇ ಹೋಗಬೇಕು. ಹಾಗಾಗಿ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ನೀರಿದ್ದರೆ ಗುಳುಗುಳು. ಅರ್ಧ ಒಣಗಿದ್ದರೆ ಮಂಕಾಗಿ ಒಂದು ಸಣ್ಣ ಅದುರಾಟ. ಪೂರ್ತಿ ಆಗಿದ್ದರೆ ಲೊಟ್ ಲೊಟ್ ಎಂದು, ಮರದ ಪೆಟ್ಟಿಗೆಯಲ್ಲಿ ಗೋಲಿ ಉರುಳಿದ ಹಾಗೆ. ಅತ್ತೆಯ ಮನೆಯ ಅಟ್ಟದಲ್ಲಿ ಈ ತೀರ್ಪು ಕೊಡುವವಳು ಅತ್ತೆ. ಎಡಗೈಯಲ್ಲಿ ಕಾಯಿ ಎತ್ತಿ ಎಡಗಿವಿಗೆ ಹಿಡಿದು ಎರಡೇ ಸಲ ಅಲ್ಲಾಡಿಸುವುದು, ಬಲಗೈಗೆ ದಾಟಿಸಿ ಈ ರಾಶಿಗೋ ಆ ರಾಶಿಗೋ ಎಸೆಯುವುದು. ನೊಣವಿನಕೆರೆ ಸುತ್ತಿನ ವರ್ತಕರು 'ಗೌರಮ್ಮನವರ ಕಿವಿ ದಾಟಿದ ಕಾಯಿ' ಎಂದರೆ ಮರುಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು.

ನನ್ನ ಮೊದಲ ಗುರುಕುಲವೂ ಆ ಅಟ್ಟವೇ. ಬೇಸಿಗೆ ರಜೆಯಲ್ಲಿ ಅತ್ತೆಯ ಪಕ್ಕದಲ್ಲಿ ಕೂತು ನಾನು ಆ ಮೂರು ಸದ್ದುಗಳನ್ನು ಬಾಯಲ್ಲಿ ಮಾಡಲು ಕಲಿತೆ. ನಾಲಿಗೆಯನ್ನು ಮೇಲಂಗುಳಿಗೆ ಅಂಟಿಸಿ ಬಿಟ್ಟರೆ ಥೇಟು ಆದ ಕೊಬ್ಬರಿ. ಒಂದು ದಿನ ಅತ್ತೆ ನೀರುಗಾಯಿ ಅಲ್ಲಾಡಿಸುವಾಗ ನಾನು ಹಿಂದಿನಿಂದ 'ಲೊಟ್' ಅಂದೆ. ಆಕೆ ಅದನ್ನು ಆದ ರಾಶಿಗೆ ಎಸೆದೂಬಿಟ್ಟಳು. ಎಸೆದ ಕೈ ಅಲ್ಲೇ ನಿಂತಿತು. ತಿರುಗಿ ನನ್ನ ಕಿವಿ ಹಿಡಿದಳು. ಹಿಂಡುತ್ತಾಳೆ ಎಂದುಕೊಂಡೆ, ಹಿಂಡಿದಳು ಕೂಡ. ಆಮೇಲೆ ನನ್ನನ್ನು ಹಾಗೇ ಕಿವಿ ಹಿಡಿದುಕೊಂಡು ಕೆಳಗಿಳಿಸಿ, ಪಡಸಾಲೆಯಲ್ಲಿದ್ದ ನೆಂಟರ ಮುಂದೆ ನಿಲ್ಲಿಸಿ, "ಮಾಡ್ಲಾ ಅದನ್ನ, ಇವರೂ ಕೇಳ್ಲಿ" ಅಂದಳು. ನನಗೆ ಸಿಕ್ಕ ಮೊದಲ ವೇದಿಕೆ ಅದು. ಬೈಯಬೇಕಾದ ಕಡೆ ಬೈದು, ಅದರ ಬೆನ್ನಿಗೇ ಜನರ ಮುಂದೆ ನಿಲ್ಲಿಸಿದ ಆ ಕೈ ಇಲ್ಲದಿದ್ದರೆ ನಾನು ಇವತ್ತು ಏನಾಗುತ್ತಿದ್ದೆನೋ. ಬಹುಶಃ ಇದೇ ಆಗುತ್ತಿದ್ದೆ, ಆದರೆ ಕದ್ದುಮುಚ್ಚಿ.

ಆ ಭಾನುವಾರ ಅತ್ತೆ ಕೆಂಡವಾಗಿದ್ದಳು. ಆ ಸಲ ಒಡೆಸಿದ ಕಾಯಿಗಳಲ್ಲಿ ಆಗದವು ಬಹಳ ಸೇರಿಬಿಟ್ಟಿದ್ದವು. ವರ್ತಕರು ಮೊದಲ ಸಲ ಆಕೆಯ ಮುಂದೆ ಕೊಬ್ಬರಿ ತಿರುವಿ ತಿರುವಿ ನೋಡಿ, 'ಯಾಕೋ ಈ ಸಲ ಹಿಂಗಾಗೈತಲ್ಲವ್ವ' ಅಂದಿದ್ದರು. ಅತ್ತೆಯ ತೀರ್ಮಾನ ಸ್ಪಷ್ಟವಾಗಿತ್ತು: ತಾನು ಸರಿಯಾಗಿಯೇ ಬೇರೆ ಮಾಡಿದ್ದೇನೆ, ಅಟ್ಟದಿಂದ ಕಾಯಿ ಇಳಿಸುವ ಸಿದ್ದಣ್ಣ ಎರಡು ರಾಶಿಯನ್ನೂ ಬೆರೆಸಿದ್ದಾನೆ. ಇಪ್ಪತ್ತು ವರ್ಷದಿಂದ ಜೊತೆಗೆ ದುಡಿಯುತ್ತಿದ್ದ ಸಿದ್ದಣ್ಣನನ್ನು ನಾಲ್ಕು ಜನರ ಎದುರು ಅಂದುಬಿಟ್ಟಿದ್ದಳು. ಆತ ಹೆಗಲ ಮೇಲಿನ ಟವೆಲು ಕೊಡವಿಕೊಂಡು ಹೋದವನು ಮತ್ತೆ ಬಂದಿರಲಿಲ್ಲ.

"ಕಣ್ಣು ಕಾಣಾಕಿಲ್ವೇನ್ಲಾ ಅವನಿಗೆ? ಎರಡು ರಾಶಿ ನಡುವೆ ಮೂರು ಮಾರು ಜಾಗ ಬಿಟ್ಟಿದ್ದೆ" ಎನ್ನುತ್ತಾ ಮೇಜಿನ ಹತ್ತಿರ ಬಂದಳು. ಮಾತು ಮುಗಿಯುವ ಮೊದಲೇ ಕೈ ತಾನಾಗಿ ದೊಡ್ಡಣ್ಣನನ್ನು ಎತ್ತಿತು. ಇನ್ನೊಂದು ಗಳಿಗೆಗೆ ಅದು ಕಿವಿಯ ಹತ್ತಿರವಿತ್ತು. ಅಲ್ಲಾಡಿಸಿದಳು!

ಲೋಕಿಯ ಮುಖ ನೋಡಬೇಕಿತ್ತು ನೀವು. ಎಳೆಗೂಸನ್ನು ಯಾರೋ ಕಾಲು ಹಿಡಿದು ಎತ್ತಿದ ಹಾಗೆ, "ಅಮ್ಮಾ, ಅಮ್ಮಾ, ಇಡ್ರಿ ಕೆಳಗೆ!" ಎಂದು ಎರಡೂ ಕೈ ಚಾಚಿದ.

ಆದರೆ ನಮ್ಮಿಬ್ಬರಿಗೂ ಕೇಳಿಸಿತು. ಒಳಗೆ ಏನೋ ಕಟಕಟ ಎಂದಿತು. ಅತ್ತೆ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ದಾಟಿಸಿ ಮತ್ತೆ ಅಲ್ಲಾಡಿಸಿದಳು. "ಇದು ಆಗೈತೆ. ಒಡೀಬೋದು" ಅಂದಳು. ಚಿಕ್ಕಣ್ಣನನ್ನೂ ಅಲ್ಲಾಡಿಸಿ, "ಇದಿನ್ನೂ ಹಸಿ" ಅಂದಳು.

ಲೋಕಿ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು ದೊಡ್ಡಣ್ಣನ ಹೊಟ್ಟೆ ಬಿಚ್ಚಿದ. ಅರ್ತಿಂಗ್ ವೈರನ್ನು ಡಬ್ಬಕ್ಕೆ ಬಿಗಿಯುವ ಸ್ಕ್ರೂ ಕಳಚಿ ಒಳಗೆ ಅಡ್ಡಾಡುತ್ತಿತ್ತು. ಹಾಡು ನಿಂತಾಗ ದೊಡ್ಡಣ್ಣ ಮೆಲ್ಲಗೆ ಗುಂಯ್‌ಗುಟ್ಟುತ್ತಿದ್ದುದು ಅದಕ್ಕೇ. ಆ ಗುಂಯ್ ಅನ್ನೇ ನಾನು ಆಗ ತಾನೇ 'ಕೆಳಸ್ವರದ ಹದ' ಎಂದು ಹೊಗಳುತ್ತಿದ್ದೆ. ಜೇನುಗೂಡಿನಿಂದ ಓಡಿ ಬಂದವನು ಇನ್ನೊಂದು ಜೇನುಗೂಡನ್ನು ತಬ್ಬಿಕೊಂಡು ಮಲಗಿದ್ದೆ ಎನ್ನಿ.

"ಏನ್ಲಾ ಇದು, ಏನು ಮಾಡುತ್ತೆ?" ಎಂದಳು ಅತ್ತೆ, ಸ್ವಲ್ಪ ತಣ್ಣಗಾಗಿ.

"ಒಳಗೆ ಬರೀ ಲೆಕ್ಕ ಇರುತ್ತೆ ಅತ್ತೆ. ಆ ಲೆಕ್ಕಾನ ಇದು ಸದ್ದು ಮಾಡುತ್ತೆ."

"ಅದಕ್ಕೆ ಪೆಟ್ಟಿಗೆ ಯಾಕೆ? ನಿಮ್ಮ ಮಾವ ಸಾಲ್ದಾ?"

ಮಾವ ಕಾಯಿ ಎಣಿಸಿದರೆ ಮೂರು ಬೀದಿಗೆ ಕೇಳಿಸುತ್ತದೆ. ಲೋಕಿಗೂ ಅದು ಗೊತ್ತು. ಸ್ಕ್ರೂ ಬಿಗಿಯುವುದು ಬಿಟ್ಟು ನಗತೊಡಗಿದ.

ನಾನು ನನ್ನ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ. "ಸ್ಕ್ರೂ ಹಾಳಾಗಿ ಹೋಗ್ಲಿ ಅತ್ತೆ, ಆದ್ರೂ ದೊಡ್ಡದೇ ಚೆಂದ. ಸದ್ದು ತುಂಬಿಕೊಂಡು ಬರುತ್ತೆ" ಅಂದೆ.

"ದೊಡ್ಡದು ಜೋರಾಗಿ ಇಟ್ಟಿದ್ದೀಯ?"

"ಸ್ವಲ್ಪ ಜೋರು ಇರ್ಬೋದು."

"ಜೋರಾಗಿ ಅಲ್ಲಾಡಿಸಿದ್ರೆ ಎಂಥಾ ಕಾಯೂ ಸದ್ದು ಮಾಡುತ್ತೆ ಕಣ್ಲಾ. ಎರಡಕ್ಕೂ ಒಂದೇ ಕೈ ಇರ್ಬೇಕು. ಆಮೇಲೆ ಯಾರ ತೋಟದ್ದು ಅಂತ ನೋಡಬಾರದು. ನಂಟರ ತೋಟದ ಕಾಯಿ ಅಂತ ಗೊತ್ತಾದ್ರೆ ಕಿವಿ ಸುಳ್ಳು ಹೇಳುತ್ತೆ."

ಲೋಕಿ ಸ್ಕ್ರೂಡ್ರೈವರ್ ಕೆಳಗಿಟ್ಟು ಆಕೆಯನ್ನೇ ನೋಡಿದ. "ಅಮ್ಮಾ, ಇದನ್ನ ಹೇಳಾಕೆ ಇಂಟರ್ನೆಟ್ಟಲ್ಲಿ ಜನ ಗಂಟೆಗಟ್ಲೆ ಹೊಡೆದಾಡ್ತಾರೆ ಕಣ್ರೀ" ಅಂದ. ಆಮೇಲೆ ಒಂದೇ ಸಮ ಕೂಂ ಎನ್ನುವ ಸದ್ದನ್ನು ಹಾಕಿ, ಮೀಟರಿನ ಕಡ್ಡಿ ಇಟ್ಟು, ಎರಡು ಪೆಟ್ಟಿಗೆಯ ಸದ್ದನ್ನೂ ಸಮ ಮಾಡಿದ. ಎರಡರ ಮೇಲೂ ನಮ್ಮಮ್ಮನ ಹಳೆಯ ಸೀರೆಯ ಸೆರಗು ಹೊದಿಸಿದೆವು. ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ಲೋಕಿ ವೈರು ಬದಲಾಯಿಸುತ್ತಾ ಹೋದ, ನಾನು 'ದೊಡ್ಡಣ್ಣ, ಚಿಕ್ಕಣ್ಣ, ಇಲ್ಲ ತಡಿ, ದೊಡ್ಡಣ್ಣ' ಎನ್ನುತ್ತಾ ಹೋದೆ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿ ಬರುತ್ತಿತ್ತು. ಒದ್ದೆ ಮಣ್ಣು, ಬೆಳಗಿನ ಗಾಳಿ ಎಲ್ಲ ಸೆರಗಿನ ಕೆಳಗೆ ಮಾಯವಾಗಿದ್ದವು. ಮೇಜಿನ ಮೇಲೆ ಟೀ ಲೋಟಕ್ಕೆ ಜಾಗ ಬಿಡುತ್ತದೆ ಎಂಬ ಒಂದೇ ಕಾರಣಕ್ಕೆ ಚಿಕ್ಕಣ್ಣ ಗೆದ್ದ. ಆರಿಸುವ ಕೆಲಸ ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ. "ನನಗೂ ಹಾಕ್ಲಾ ಅದನ್ನ" ಎಂದು ಅತ್ತೆ ಕುರ್ಚಿ ಎಳೆದುಕೊಂಡಳು.

ಎಡಬಲ ಪರೀಕ್ಷೆ ಮಾಡಲೆಂದು ನಾನೇ ಒಂದು ಸಂಭಾಷಣೆ ಮಾಡಿಟ್ಟಿದ್ದೆ. ಎಡಗಡೆ ಮಾವ, ಬಲಗಡೆ ಅತ್ತೆ, ಇಬ್ಬರೂ ನಾನೇ. ಎಡಗಡೆಯಿಂದ ಮಾವ 'ಲೇ, ಕಾಫಿ ಕೊಡೇ' ಎನ್ನುತ್ತಾನೆ. ಬಲಗಡೆಯಿಂದ ಅತ್ತೆ 'ಒಲೆ ಮುಂದೆ ನಾಲ್ಕು ಕೈ ಐತಾ ನನಗೆ?' ಎನ್ನುತ್ತಾಳೆ. ಹೀಗೇ ಎರಡು ನಿಮಿಷ ನಡೆಯುತ್ತದೆ. ವಯಸ್ಸಾದವಳ ಕಿವಿ ನೋಯದಿರಲಿ ಎಂದು ಸದ್ದು ಕಡಿಮೆ ಮಾಡಿ ಹಾಕಿದೆ.

ಅತ್ತೆ ಗಂಭೀರವಾಗಿ ಕೇಳಿದಳು. ನಕ್ಕಳು. ಆಮೇಲೆ, "ಇದೇನ್ಲಾ, ಬರೀ ನಾನೇ ಮಾತಾಡ್ತಾ ಇದ್ದೀನಿ. ನಿಮ್ಮ ಮಾವ ಬಾಯೇ ಬಿಡಾಕಿಲ್ಲ" ಅಂದಳು. "ಮನೇಲೂ ಹಂಗೇ ಆಗಿದ್ರೆ ಚೆನ್ನಾಗಿತ್ತು ಬುಡು."

ನಾವು ನಕ್ಕೆವು. ಲೋಕಿ ನಗುತ್ತಲೇ ಚಿಕ್ಕಣ್ಣನ ವೈರು ಅಲುಗಿಸಿ, "ಎಡಗಡೆ ಬರ್ತಿಲ್ಲ ಅನ್ಸುತ್ತೆ" ಅಂದ. ನಾನು ಹಾಕಿಕೊಂಡು ನೋಡಿದೆ, ಬರುತ್ತಿತ್ತು. ಅತ್ತೆಗೆ ಹಾಕಿದರೆ ಇಲ್ಲ. ವೈರು ಬದಲಾಯಿಸಿದೆವು. ಸೆರಗು ಸರಿಸಿ ದೊಡ್ಡಣ್ಣನಿಗೆ ಚುಚ್ಚಿದೆವು. ಮಾವ ಮೌನ ಮುರಿಯಲಿಲ್ಲ. "ಹೆಡ್‌ಫೋನೇ ಹೋಗೈತೆ, ಕಂಪನಿಗೆ ವಾಪಸ್ ಕಳಿಸ್ಲಾ" ಎಂದು ಲೋಕಿ ಫೋನ್ ತೆಗೆದ. ನನಗೆ ಏನು ತೋಚಿತೋ, ಹೆಡ್‌ಫೋನನ್ನು ಅತ್ತೆಯ ತಲೆಯ ಮೇಲೆ ಹಿಂದುಮುಂದಾಗಿ ತಿರುಗಿಸಿ ಹಾಕಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

"ಹಾಂ, ಈಗ ನಿಮ್ಮ ಮಾವ ಬಂದ" ಎಂದಳು ಅತ್ತೆ. ಸ್ವಲ್ಪ ಹೊತ್ತು ಕೇಳಿದಳು. "ಈಗ ನಾನಿಲ್ಲ."

ಲೋಕಿ ಫೋನನ್ನು ಜೇಬಿಗೆ ಹಾಕಿಕೊಂಡ. ಹೆಡ್‌ಫೋನಿನ ಹೊರಗೂ ಸಣ್ಣಗೆ ಕೇಳಿಸುತ್ತಿತ್ತು, ನನ್ನ ದನಿಯಲ್ಲಿ ಅತ್ತೆ ಮಾವ ಕಾಫಿಗಾಗಿ ಜಗಳವಾಡುತ್ತಿದ್ದರು. ಅತ್ತೆ ಎಡಗೈ ಎತ್ತಿ ಎಡಗಿವಿಯ ಮೆತ್ತೆಯನ್ನು ಒತ್ತಿ ನೋಡಿದಳು, ಬಿಟ್ಟು ನೋಡಿದಳು. ಆಮೇಲೆ ಎರಡೂ ಕೈಯಿಂದ ಹೆಡ್‌ಫೋನ್ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಪೆಟ್ಟಿಗೆ ಸರಿಯಾಗೈತೆ ಕಣಪ್ಪ. ವಾಪಸ್ ಕಳಿಸಬ್ಯಾಡ್ರಿ" ಅಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಆಗ ನನಗೆ ಆದದ್ದನ್ನು ಹೇಗೆ ಬರೆಯಲಿ? ವರ್ಷದಿಂದ ಆಕೆ ಕತ್ತು ಹೊರಳಿಸುತ್ತಿದ್ದದ್ದು ಬಲಗಿವಿಯನ್ನು ನಮ್ಮ ಕಡೆ ಕೊಡುವುದಕ್ಕೆ. ದನಿ ಏರಿಸುತ್ತಿದ್ದದ್ದು ತನಗೇ ತನ್ನ ದನಿ ಕೇಳಿಸದೆ. ಅದನ್ನು ಮೊದಲು ಗಮನಿಸಿದವನು ನಾನೇ. ಎಷ್ಟು ಡಿಗ್ರಿ ಕತ್ತು ತಿರುಗಬೇಕು, 'ಆಂ?' ಎನ್ನುವಾಗ ಹುಬ್ಬು ಎಲ್ಲಿಗೆ ಹೋಗಬೇಕು ಎಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಇಡೀ ಊರಿಗೆ ಮಾಡಿ ತೋರಿಸಿದೆ. ಹಾಗೆ ಯಾಕೆ ಮಾಡುತ್ತಾಳೆ ಎಂದು ಮಾತ್ರ ಒಂದು ಸಲವೂ ಕೇಳಿಕೊಳ್ಳಲಿಲ್ಲ. ಲೋಕಿ ನನ್ನ ಮುಖ ನೋಡಿ, "ನಿನಗೂ ಒಂದು ಕಡೆ ಬರ್ತಿರ್ಲಿಲ್ಲ ಬುಡ್ಲಾ" ಅಂದ. ಅವನು ಅಂದದ್ದರಲ್ಲಿ ತಮಾಷೆಯೂ ಇತ್ತು, ಬೈಗುಳವೂ ಇತ್ತು, ಸಮಾಧಾನವೂ ಇತ್ತು. ಸ್ನೇಹಿತರು ಮೂರನ್ನೂ ಒಂದೇ ವಾಕ್ಯದಲ್ಲಿ ಹೇಳಬಲ್ಲರು.

ಅತ್ತೆ ಮೂರು ದಿನ ಅಟ್ಟ ಹತ್ತಲಿಲ್ಲ. ನಾಲ್ಕನೆಯ ದಿನ ನಮ್ಮ ಮನೆಗೆ ಬಂದು, "ನಡಿ, ಸಿದ್ದಣ್ಣನ ಮನೆತಾವ ಹೋಗಣ" ಅಂದಳು. ನನ್ನನ್ನು ಯಾಕೆ ಕರೆದಳೋ. ಸಾಕ್ಷಿಗೆ ಬೇಕಾಗಿತ್ತೇನೋ, ಅಥವಾ ಆತ ಏನಾದರೂ ಅಂದರೆ ತನಗೆ ಸರಿಯಾಗಿ ಕೇಳಿಸದಿದ್ದೀತು ಎಂದೋ.

ಸಿದ್ದಣ್ಣ ಅಂಗಳದಲ್ಲಿ ಕೂತು ತೆಂಗಿನಕಡ್ಡಿಯ ಪೊರಕೆ ಕಟ್ಟುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತ. ಅತ್ತೆ ಪೀಠಿಕೆ ಹಾಕುವವಳಲ್ಲ.

"ಸಿದ್ದಣ್ಣ, ಕಾಯಿ ಬೆರೆಸಿದ್ದು ನೀನಲ್ಲ. ನನ್ನ ಕಿವಿ."

"ಗೊತ್ತಿತ್ತು ಬುಡವ್ವ" ಅಂದ ಸಿದ್ದಣ್ಣ.

"ಗೊತ್ತಿತ್ತಾ? ಮತ್ತೆ ಅವತ್ತೇ ಯಾಕಪ್ಪ ಹೇಳ್ಲಿಲ್ಲ?"

"ಹೇಳ್ದೆ. ಅಟ್ಟದ ಮೇಲೆ ಎರಡು ಸಲ ಹೇಳ್ದೆ. ನಾನು ನಿಮ್ಮ ಎಡಗಡೆ ನಿಂತಿದ್ದೆ."

ಅತ್ತೆ ಒಂದು ಗಳಿಗೆ ಆತನನ್ನೇ ನೋಡಿದಳು. ಆಮೇಲೆ ಬಂದ ನಗು ಅತ್ತೆಯದು ಮೊದಲೋ ಸಿದ್ದಣ್ಣನದು ಮೊದಲೋ ನನಗೆ ತಿಳಿಯಲಿಲ್ಲ. ನಗುತ್ತಾ ನಗುತ್ತಾ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನಗು ನಿಂತ ಮೇಲೂ ಒರೆಸಿಕೊಂಡಳು. "ನಾಲ್ಕು ಜನದ ಮುಂದೆ ಅಂದಿದ್ದೆ. ನಾಲ್ಕು ಜನದ ಮುಂದೇನೇ ತಪ್ಪಾಯ್ತು ಅಂತೀನಿ, ಬಾ" ಅಂದಳು. ಹಾಗೆಯೇ ಮಾಡಿದಳು ಕೂಡ, ಅದೇ ವರ್ತಕರ ಎದುರು. ಸಿದ್ದಣ್ಣ ನಾಚಿಕೊಂಡು ಕಂಬದ ಹಿಂದೆ ನಿಂತಿದ್ದ.

ತಿಪಟೂರಿನ ಕಿವಿ ಡಾಕ್ಟರು ನರ ಸೊರಗಿದೆ ಅಂದರು. ಪೂರ್ತಿ ವಾಪಸ್ ಬರುವುದಿಲ್ಲ, ಯಂತ್ರ ಹಾಕಿದರೆ ಒಂದಷ್ಟು ಬರುತ್ತದೆ. ಯಂತ್ರ ಬೇಡ ಎಂದು ಅತ್ತೆ ತಿಂಗಳುಗಟ್ಟಲೆ ಹಟ ಹಿಡಿದಳು. ಬಲಗಿವಿಯಲ್ಲಿ ಕೇಳಿ ಎಡಗೈಯಲ್ಲಿ ಎಸೆಯುವುದನ್ನು ಅಭ್ಯಾಸ ಮಾಡಿದಳು. ಕಾಯಿಗಳು ರಾಶಿ ಬಿಟ್ಟು ಸಿದ್ದಣ್ಣನ ಕಾಲಿಗೆ ಬೀಳತೊಡಗಿದವು. "ಅವ್ವ, ಯಂತ್ರ ಹಾಕಿಸ್ಕಳಿ. ನಿಮ್ಮ ಕಿವಿಗಲ್ಲ, ನನ್ನ ಕಾಲಿಗೆ" ಎಂದು ಆತ ಬೇಡಿಕೊಂಡ ಮೇಲೆ ಒಪ್ಪಿದಳು.

ಹೋದ ವಾರ ಇಬ್ಬರೂ ತುಮಕೂರಿಗೆ ಹೋದೆವು. ಬಸ್ಸಿನಲ್ಲಿ ಆಕೆಯ ತೊಡೆಯ ಮೇಲೊಂದು ಚೀಲ. ಏನೆಂದು ಕೇಳಿದರೆ ಹೇಳಲಿಲ್ಲ. ಕಿವಿಯಂತ್ರ ಕೂರಿಸುವ ಹುಡುಗ ಒಳ್ಳೆಯವನು. ಕಿವಿಯ ಹಿಂದೆ ಸಣ್ಣ ಯಂತ್ರ ಸಿಕ್ಕಿಸಿ, ಕಂಪ್ಯೂಟರಿನಲ್ಲಿ ಏನೋ ಒತ್ತಿ, "ಈಗ ನನ್ನ ಮಾತು ಕೇಳಿಸ್ತಿದೆಯಾ ಅಮ್ಮಾ?" ಅಂದ. ನಾನು ಸುಮ್ಮನಿರಲಾರದೆ, ಈ ಯಂತ್ರದೊಳಗೂ ಒಂದು ಪುಟಾಣಿ ಡ್ಯಾಕ್ ಇದೆ ಅತ್ತೆ, ಇದೂ ಲೆಕ್ಕವನ್ನು ಸದ್ದು ಮಾಡುತ್ತದೆ ಎಂದು ಪಾಂಡಿತ್ಯ ಬಿಚ್ಚಿದೆ. ಅತ್ತೆ ನಮ್ಮಿಬ್ಬರಿಗೂ ಉತ್ತರ ಕೊಡದೆ ಚೀಲಕ್ಕೆ ಕೈ ಹಾಕಿ ಎರಡು ತೆಂಗಿನಕಾಯಿ ತೆಗೆದಳು.

ಹುಡುಗ ಪೂಜೆಗೆಂದು ತಿಳಿದು ಕೈಮುಗಿದ.

ಅತ್ತೆ ಒಂದನ್ನು ಎಡಗೈಯಲ್ಲಿ ಎತ್ತಿ ಎಡಗಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿದಳು. ಇನ್ನೊಂದನ್ನೂ. "ನಿನ್ನ ಮಾತು ಕೇಳ್ತೈತೆ ಮಗಾ. ಕಾಯಿ ಕೇಳ್ತಿಲ್ಲ" ಅಂದಳು. ಹುಡುಗ ಗೊಂದಲಗೊಂಡು ಪರದೆ ನೋಡಿದ. ಆಮೇಲೆ ಹಣೆ ಚಚ್ಚಿಕೊಂಡ. ಮಾತಲ್ಲದ ಕಟಕಟ ಸದ್ದುಗಳನ್ನೆಲ್ಲ ಗಲಾಟೆ ಎಂದು ತಿಳಿದು ಅದುಮಿಬಿಡುವುದು ಆ ಯಂತ್ರದ ಸ್ವಭಾವವಂತೆ. ಅದನ್ನು ಬಿಡಿಸಿದ. "ಈಗ ನೋಡಿ ಅಮ್ಮಾ."

ಅತ್ತೆ ಮತ್ತೆ ಎತ್ತಿದಳು. ಎರಡು ಸಲ. ಕೈ ನಿಂತಿತು. ಇನ್ನೂ ಎರಡು ಸಲ ಅಲ್ಲಾಡಿಸಿದಳು, ಅನುಮಾನಕ್ಕಲ್ಲ, ಆಸೆಗೆ. ಎರಡನೆಯದನ್ನೂ ಕೇಳಿ ಪಕ್ಕಕ್ಕಿಟ್ಟಳು. ಮೊದಲಿನದನ್ನು ಹುಡುಗನ ಮೇಜಿನ ಮೇಲೆ, ಅವನ ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟು, "ಇದು ಆಗೈತೆ. ಮನೆಗೋಗಿ ಒಡ್ದು ನೋಡಪ್ಪ" ಅಂದಳು.

ಇಷ್ಟನ್ನು ಬರೆದು ತಲೆಯೆತ್ತುವಷ್ಟರಲ್ಲಿ ಆ ಹುಡುಗನ ಫೋನ್ ಬಂತು. ಅವನಿಗೆ ಕಾಯಿ ಸುಲಿಯುವುದು ಗೊತ್ತಿಲ್ಲದೆ, ಊರಿಂದ ಚಿಕ್ಕಪ್ಪ ಬರುವವರೆಗೆ ಕಾದು, ಈಗ ತಾನೆ ಒಡೆಸಿದನಂತೆ. "ಸಾರ್, ಗುಂಡಗೆ ಬಂತು, ಒಂದು ಗೀಟೂ ಇಲ್ಲ. ಅಮ್ಮನಿಗೆ ಹೇಳಿ" ಅಂದ. ನಾನು ಫೋನ್ ಹಿಡಿದುಕೊಂಡೇ ಅತ್ತೆಯ ಮನೆಗೆ ಓಡಿದೆ. ಆಕೆ ಅಟ್ಟದ ಏಣಿಯ ಮೇಲಿದ್ದಳು. ಫೋನ್ ಕೊಟ್ಟೆ. ಎಡಗಿವಿಗೆ ಹಿಡಿದುಕೊಂಡಳು.

ಆ ಕಡೆಯಿಂದ ಹುಡುಗ ಹೇಳಿದ್ದು ನಿಂತಲ್ಲಿಗೇ ನನಗೆ ಕೇಳಿಸಿತು. ಆಕೆಗೂ ಕೇಳಿಸಿತು. ಇಷ್ಟು ವರ್ಷ ಆ ಮುಖವನ್ನು ಕದ್ದವನು ನಾನು, ನನಗೆ ಗೊತ್ತಾಗುವುದಿಲ್ಲವೇ? ಆದರೂ ಆಕೆ ಏಣಿಯ ಮೇಲೆ ನಿಂತು, ಹುಬ್ಬು ಗಂಟು ಹಾಕಿ, ಏನೂ ಕೇಳಿಸದವಳ ದನಿಯಲ್ಲಿ ಅಂದಳು:

"ಆಂ? ಏನಂದೆ ಮಗಾ? ಇನ್ನೊಂದ್ಸಲ ಹೇಳು."

ನಮ್ಮ ವಂಶದಲ್ಲಿ ಮಿಮಿಕ್ರಿ ನನ್ನಿಂದ ಶುರುವಾದದ್ದಲ್ಲ.